ಕಿಟಕಿಯಿಂದ ಇಳಿದ ಪೆನ್ಸಿಲು

೧೨ ಜನವರಿ ೧೯೫೯, ಸೋಮವಾರ

ಘಟ್ಟದ ಮೇಲಿನ ಕ್ಷಯರೋಗದ ಆಸ್ಪತ್ರೆಯಿಂದ ಬಂದಿದ್ದ ಕಾಗದಕ್ಕೆ ಇಂದು ಉತ್ತರ ಬರೆದೆ. ಒಂದು ಹಾಸಿಗೆ ಖಾಲಿಯಾಗಿದೆ, ಕೂಡಲೇ ಬಂದು ಸೇರಬಹುದು ಎಂದು ಅವರು ತಿಳಿಸಿದ್ದರು. ಬರಲಾಗುವುದಿಲ್ಲ ಎಂದು ಬರೆದೆ. ಅಕ್ಕ ಒಬ್ಬಳೇ ಆಗುತ್ತಾಳೆ ಎಂಬ ಕಾರಣ ಕೊಟ್ಟೆ. ಅದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಇಚಿಲಂಪಾಡಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳ ಗದ್ದಲದಲ್ಲಿ ಬದುಕಿದವನಿಗೆ, ಕೆಮ್ಮಿನ ಸದ್ದೊಂದೇ ಇರುವ ಉದ್ದನೆಯ ಕೋಣೆಯಲ್ಲಿ ಮಲಗುವ ಧೈರ್ಯವಿಲ್ಲ.

ಮನೆಯಲ್ಲೇ ಇರಬಹುದೆಂದು ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದ್ದಾರೆ. ಸುಳ್ಯ ಪೇಟೆಯ ಹಿಂದಿರುವ ಅಕ್ಕನ ಮನೆಯ ಉಪ್ಪರಿಗೆ ನನಗೆ. ಊಟದ ತಟ್ಟೆ, ಲೋಟ, ಉಗುಳಲು ಮುಚ್ಚಳವಿರುವ ಡಬ್ಬಿ, ಎಲ್ಲವೂ ಬೇರೆ. ಮೆಟ್ಟಿಲಿನ ತುದಿಯಲ್ಲಿ ತಟ್ಟೆ ಇಟ್ಟು ಅಕ್ಕ ಹಿಂದೆ ಸರಿಯುತ್ತಾಳೆ. ನೆರೆಯ ಮಕ್ಕಳು ಯಾರೂ ಮೆಟ್ಟಿಲು ಹತ್ತಬಾರದು. ನಾನು ಮುಟ್ಟಿದ ಯಾವ ವಸ್ತುವೂ ಒಂದು ಇಡೀ ದಿನ ಬಿಸಿಲು ಕಾಣದೆ ಕೆಳಗೆ ಇಳಿಯಬಾರದು. ಇವು ಡಾಕ್ಟರ ನಿಯಮಗಳು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ನಾನು ಅಲ್ಲಿರುತ್ತೇನೆ ಎಂಬುದು ನನ್ನ ನಿಯಮ.

ಕೋಣೆಗೆ ಒಂದೇ ಕಿಟಕಿ. ಕೆಳಗೆ ಓಣಿ. ಓಣಿಯ ಆಚೆ ಅಕ್ಕಪಕ್ಕದ ಎರಡು ಮನೆಗಳು, ನಡುವೆ ಒಂದು ಮಣ್ಣಿನ ಗೋಡೆ. ಆ ಗೋಡೆ ಬಾವಿಯ ಮೇಲೆ ಅಡ್ಡಲಾಗಿ ಹಾದುಹೋಗುತ್ತದೆ. ಒಂದೇ ಬಾವಿ; ಗೋಡೆಯ ಈಚೆಗೊಂದು ರಾಟೆ, ಆಚೆಗೊಂದು ರಾಟೆ. ಎರಡೂ ಮನೆಯ ಹುಡುಗಿಯರು ತಮ್ಮ ತಮ್ಮ ಕಡೆಯಿಂದ ಬಾವಿಯೊಳಗೆ ಬಗ್ಗಿ ಮಾತನಾಡುತ್ತಾರೆ. ಗೋಡೆಯ ಮೇಲಿಂದ ದಾಟದ ಮಾತು ನೀರಿನ ಮೇಲೆ ಬಡಿದು ಇನ್ನೊಂದು ಕಡೆಗೆ ಏರುತ್ತದೆ. ಮಧ್ಯಾಹ್ನವೆಲ್ಲ ಅದನ್ನು ನೋಡುತ್ತ ಕುಳಿತಿದ್ದೆ.

೧೬ ಜನವರಿ, ಶುಕ್ರವಾರ

ಸಾಬೂನಿನ ಪೆಟ್ಟಿಗೆಯೊಂದನ್ನು ಅಕ್ಕನಿಂದ ಕೇಳಿ ಪಡೆದು ಚಿತ್ರದ ಪೆಟ್ಟಿಗೆ ಮಾಡಿದ್ದೇನೆ. ಶಾಲೆಯಲ್ಲಿ ಮಾಡುತ್ತಿದ್ದಂತೆಯೇ: ಎರಡು ಕೋಲು, ಅವುಗಳ ನಡುವೆ ಸುತ್ತಿಕೊಳ್ಳುವ ಉದ್ದನೆಯ ಕಾಗದ, ಕಾಗದದ ಮೇಲೆ ಒಂದರ ಪಕ್ಕದಲ್ಲೊಂದು ಚಿತ್ರ. ಕೋಲು ತಿರುಗಿಸಿದರೆ ಊರು ಸರಿಯುತ್ತದೆ. ಗುಡಿಸುವ ಹಿಡಿಸೂಡಿಯ ಕಡ್ಡಿಗೆ ಅಂಟಿಸಿದ ರಟ್ಟಿನ ಮಕ್ಕಳನ್ನು ಮುಂದೆ ಕುಣಿಸಿದರೆ ಅವರು ಆ ಊರಿನಲ್ಲಿ ನಡೆಯುತ್ತಾರೆ.

ಪೆಟ್ಟಿಗೆಯನ್ನು ಕಿಟಕಿಯ ಮೇಲೆ ಇಟ್ಟು ಹಿಂದೆ ಕುಳಿತೆ. ಶಾಲೆ ಬಿಟ್ಟು ಬಂದ ಹುಡುಗಿಯರಿಬ್ಬರು ಓಣಿಯಲ್ಲಿ ನಿಂತರು. ಬಲಗಡೆಯ ಮನೆಯವಳು ಸೀತು, ಲಾರಿ ಓಡಿಸುವ ಶೀನಪ್ಪ ಗೌಡರ ಮಗಳು. ಎಡಗಡೆಯವಳು ಪಾತು, ಜವಳಿ ಅಂಗಡಿಯ ಅಹ್ಮದ್ ಕುಂಞಿಯವರ ಮಗಳು. ಇಬ್ಬರಿಗೂ ಒಂಬತ್ತು ವರ್ಷ.

“ಮಾಷ್ಟ್ರೇ, ಅದೆಂತ? ರೇಡಿಯೋವಾ?” ಎಂದು ಪಾತು ಕೇಳಿದಳು.

“ರೇಡಿಯೋದಲ್ಲಿ ಚಿತ್ರ ಇರ್ತದಾ ಮಾರಾಯ್ತಿ? ಅದು ಸಿನೆಮಾ,” ಎಂದಳು ಸೀತು.

“ನೀನು ಸಿನೆಮಾ ನೋಡಿದ್ದುಂಟಾ?”

“ಅಪ್ಪ ನೋಡಿದ್ದಾರೆ. ಪುತ್ತೂರಲ್ಲಿ.”

“ಅಪ್ಪ ನೋಡಿದ್ರೆ ನೀನು ನೋಡಿದ ಹಾಗಾ? ನನ್ನ ಅಪ್ಪ ಬೊಂಬಾಯಿ ನೋಡಿದ್ದಾರೆ.”

ಕಥೆ ಹೇಳಿದೆ. ಕಿಟ್ಟು ಮತ್ತು ಜಾನು ಎಂಬ ನೆರೆಮನೆಯ ಇಬ್ಬರು ಮಕ್ಕಳು. ಇಬ್ಬರ ಮನೆಗೂ ಒಂದೇ ಬಾವಿ. ಜಾನುವಿನ ಬಿಂದಿಗೆ ಬಾವಿಗೆ ಬಿದ್ದು, ಕಿಟ್ಟುವಿನ ಹಗ್ಗದಲ್ಲಿ ಮೇಲೆ ಬಂದಿತು. ಕಾಲು ಗಂಟೆಯ ಕಥೆ. ನಾನು ಒಮ್ಮೆಯೂ ಕೆಮ್ಮಲಿಲ್ಲ.

೧೯ ಜನವರಿ, ಸೋಮವಾರ

ಚುಚ್ಚುಮದ್ದು. ಕುಳಿತುಕೊಳ್ಳಲಾಗುತ್ತಿಲ್ಲ. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಕಥೆ ಇಲ್ಲ.

೨೭ ಜನವರಿ, ಮಂಗಳವಾರ

ದಿನಕ್ಕೊಂದು ಕಥೆ ನಡೆಯುತ್ತಿದೆ. ಈ ಕಥೆಗಳ ಕಟ್ಟಳೆಗಳನ್ನು ನನ್ನ ಅನುಕೂಲಕ್ಕಾಗಿ ಇಲ್ಲಿ ಬರೆದಿಡುತ್ತೇನೆ. ಪ್ರತಿಯೊಂದು ಕಥೆಯೂ ಬಾವಿಯ ಕಟ್ಟೆಯಲ್ಲೇ ಆರಂಭವಾಗಬೇಕು. ಪರಿಚಿತವಾದ ಜಾಗ ಕಂಡ ಕೂಡಲೇ ಮಗುವಿನ ಮನಸ್ಸು ಕುಳಿತುಕೊಳ್ಳುತ್ತದೆ. ಹಿರಿಯರ ಸ್ವರ ಕೇಳಬೇಕು, ಮುಖ ಕಾಣಬಾರದು. ಕಿಟ್ಟುವೂ ಜಾನುವೂ ದೊಡ್ಡವರಾಗಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ದಿನದ ಕಷ್ಟ ಆ ದಿನವೇ ತೀರಬೇಕು. ದೀಪ ಹಚ್ಚುವ ಹೊತ್ತಿಗೆ ಊರು ಬೆಳಿಗ್ಗೆ ಇದ್ದಂತೆಯೇ ಆಗಬೇಕು.

ಪಾತುವಿಗೆ ಈ ಕೊನೆಯ ಕಟ್ಟಳೆ ಒಪ್ಪಿಗೆಯಿಲ್ಲ.

“ಅವರಿಗೆ ಜಗಳ ಆದ್ರೆ ಸಾಯಂಕಾಲಕ್ಕೆ ಸರಿ ಆಗುದು ಹೇಗೆ ಮಾಷ್ಟ್ರೇ? ನಮಗೆ ಜಗಳ ಆದ್ರೆ ಮೂರು ದಿನ ಮಾತಿಲ್ಲ.”

“ಸುಳ್ಳು. ಎರಡೇ ದಿನ,” ಎಂದಳು ಸೀತು.

“ಮೂರು. ಶುಕ್ರವಾರ ಲೆಕ್ಕಕ್ಕೆ ಹಿಡಿ.”

“ಶುಕ್ರವಾರ ನಾನು ಮಾತಾಡಿದ್ದೇನೆ. ನೀನು ಕೇಳದ ಹಾಗೆ ಮಾಡಿದ್ದು.”

ಸೀತುವಿನ ಪ್ರಶ್ನೆ ಬೇರೆ. “ಕಿಟ್ಟುವಿನ ಅಮ್ಮನಿಗೆ ಮುಖ ಯಾಕಿಲ್ಲ?”

“ದೊಡ್ಡವರ ಮುಖ ಕಂಡರೆ ಕಥೆ ಅವರದ್ದಾಗ್ತದೆ ಮಗಾ. ಇದು ಮಕ್ಕಳ ಕಥೆ.”

ಅವಳು ಸ್ವಲ್ಪ ಯೋಚಿಸಿದಳು. “ನಿಮ್ಮದೂ ಹಾಗೇ. ಪೆಟ್ಟಿಗೆ ಹಿಂದೆ ಕೂತ್ರೆ ಸ್ವರ ಮಾತ್ರ ಬರುದು.”

ನಾನು ಕೋಲು ತಿರುಗಿಸಿ ಮುಂದಿನ ಚಿತ್ರ ತಂದೆ.

೩ ಫೆಬ್ರವರಿ, ಮಂಗಳವಾರ

ತೂಕ ಎರಡು ಪೌಂಡು ಹೆಚ್ಚಾಗಿದೆ. ಡಾಕ್ಟರು ನನ್ನ ಬೆನ್ನು ತಟ್ಟಲಿಲ್ಲ, ಮಂಚದ ಕಾಲನ್ನು ತಟ್ಟಿದರು. ಆದರೂ ಸಂತೋಷಪಟ್ಟರೆಂದೇ ತಿಳಿಯುತ್ತೇನೆ.

ಒಂದು ಹೊಸ ಏರ್ಪಾಡು ಮಾಡಿದ್ದೇನೆ. ಒಬ್ಬನೇ ದಿನಕ್ಕೆ ಹನ್ನೆರಡು ಚಿತ್ರ ಬರೆದರೆ ಬೆನ್ನು ಸೋಲುತ್ತದೆ. ಆದುದರಿಂದ ನಾನು ಗೆರೆ ಮಾತ್ರ ಎಳೆದು, ಕಾಗದವನ್ನು ಒಂದು ದಿನ ಕಿಟಕಿಯ ಬಿಸಿಲಿನಲ್ಲಿ ಒಣಗಿಸಿ, ಬುಟ್ಟಿಯಲ್ಲಿಟ್ಟು ಹಗ್ಗದಿಂದ ಕೆಳಗೆ ಇಳಿಸುತ್ತೇನೆ. ಕೂದಲು, ನೆರಳು, ಅಂಚುಗಳನ್ನು ಹುಡುಗಿಯರು ತುಂಬುತ್ತಾರೆ. ತುಂಬಿದ ಕಾಗದವನ್ನು ನಾನು ಮೇಲಕ್ಕೆ ಎಳೆದುಕೊಳ್ಳುತ್ತೇನೆ. ಕಾಗದವನ್ನು ಬಿಸಿಲಿಗೆ ಹಾಕುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಈ ವಿಷಯದಲ್ಲಿ ನನ್ನ ಶಿಸ್ತಿನ ಬಗ್ಗೆ ಸ್ವಲ್ಪ ಹೆಮ್ಮೆಯೇ ಇದೆ.

ಸೀತುವಿನ ಕೈ ಬಹಳ ಚೆನ್ನಾಗಿದೆ. ಜಾನುವಿನ ಜಡೆಯನ್ನು ಒಂದೊಂದು ಎಳೆಯಾಗಿ ಬಿಡಿಸಿದ್ದಾಳೆ. ಅವಳನ್ನು ಮುಂದೆ ಓದಿಸಬೇಕೆಂದು ಶೀನಪ್ಪ ಗೌಡರಿಗೆ ಹೇಳಬೇಕು. ಪಾತು ಗೆರೆಯೊಳಗೆ ನಿಲ್ಲುವುದಿಲ್ಲ. ಕಿಟ್ಟುವಿಗೆ ಮೀಸೆ ಬರೆದಿದ್ದಳು. “ಅವನು ಯಾವಾಗ ದೊಡ್ಡವ ಆಗುದು ಮತ್ತೆ?” ಎಂದು ನನ್ನನ್ನೇ ಕೇಳಿದಳು. ಮೀಸೆಯನ್ನು ಉಜ್ಜಿ ತೆಗೆದೆ.

ಈ ಮಕ್ಕಳು ಇಲ್ಲದಿದ್ದರೆ ನಾನು ಈ ಕೋಣೆಯಲ್ಲಿ ಏನಾಗುತ್ತಿದ್ದೆ? ನಾನು ಇಲ್ಲದಿದ್ದರೆ ಅವರಿಗೂ ಒಂದು ಕಥೆ ಹೇಳುವವರಿಲ್ಲ.

೧೧ ಫೆಬ್ರವರಿ, ಬುಧವಾರ

ಪಾತು ಒಬ್ಬಳೇ ಬಂದಳು. ಸೀತುವಿಗೆ ಜ್ವರವಂತೆ. ಚಳಿಗಾಲದ ಕೊನೆಯಲ್ಲಿ ಮಕ್ಕಳಿಗೆ ಜ್ವರ ಬರುವುದು ಸಹಜ.

೧೩ ಫೆಬ್ರವರಿ, ಶುಕ್ರವಾರ

ಬರೆಯಲೇಬೇಕು. ಈ ಪುಸ್ತಕದಲ್ಲಾದರೂ ಬರೆಯಬೇಕು.

ಇಂದು ಸಂಜೆ ಪಾತು ಓಣಿಯಲ್ಲಿ ಕುಳಿತು ಚಿತ್ರ ತುಂಬುತ್ತಿದ್ದಳು. ಬೇಸರ ಬಂದಾಗ ನನ್ನ ಕಡೆಗೆ ನೋಡಿ ನಾಲಗೆ ಚಾಚಿದಳು. ನಾಲಗೆ ನೇರಳೆ ಬಣ್ಣವಾಗಿತ್ತು.

“ಎಂತ ತಿಂದದ್ದು ನೀನು?”

“ಎಂತ ಇಲ್ಲ. ಪೆನ್ಸಿಲು. ನೀವು ಮಾಡಿದ ಹಾಗೆಯೇ. ಚೀಪಿದ್ರೆ ಮಾತ್ರ ಅದಕ್ಕೆ ಬಣ್ಣ ಬರುದು. ಸೀತುವಿನ ನಾಲಗೆ ಇನ್ನೂ ಕಪ್ಪು ಆಗಿತ್ತು.”

ಕಾಪಿ ಪೆನ್ಸಿಲು. ಒಣಗಿದಾಗ ಬೂದಿ ಬಣ್ಣ, ಒದ್ದೆಯಾದಾಗ ನೇರಳೆ. ತುದಿಯನ್ನು ನಾಲಗೆಗೆ ಮುಟ್ಟಿಸಿ ಬರೆಯುವುದು ನನ್ನ ಮೂವತ್ತು ವರ್ಷಗಳ ಅಭ್ಯಾಸ. ಮನೆಯಲ್ಲಿ ಇದ್ದದ್ದು ಒಂದೇ ಪೆನ್ಸಿಲು. ಕಾಗದದೊಂದಿಗೆ ಅದೂ ಬುಟ್ಟಿಯಲ್ಲಿ ಇಳಿಯುತ್ತಿತ್ತು, ಕಾಗದದೊಂದಿಗೆ ಮೇಲೆ ಬರುತ್ತಿತ್ತು. ನನ್ನ ಬಾಯಿಯಿಂದ ಅವರ ಬಾಯಿಗೆ, ಹತ್ತು ದಿನ. ಕಾಗದವನ್ನು ಬಿಸಿಲಿಗೆ ಹಾಕಿದೆ. ಪೆನ್ಸಿಲನ್ನು ಒಮ್ಮೆಯೂ ಹಾಕಲಿಲ್ಲ. ಮರೆತೆ ಎಂದು ಬರೆದರೂ ಸರಿಯಾಗುವುದಿಲ್ಲ. ಅದು ಒಂದು ವಸ್ತು ಎಂದೇ ನನಗೆ ತೋರಿರಲಿಲ್ಲ. ಬೆರಳನ್ನು ಯಾರಾದರೂ ಬಿಸಿಲಿಗೆ ಹಾಕುತ್ತಾರೆಯೇ?

“ಬುಟ್ಟಿಯಲ್ಲಿ ಹಾಕು. ಬಾಯಿ ತೊಳೆದುಕೊ. ಈಗಲೇ,” ಎಂದೆ.

“ಬಯ್ಯುದು ಎಂತಕ್ಕೆ ಮಾಷ್ಟ್ರೇ?”

ನಾನು ಬೈದಿರಲಿಲ್ಲ. ಬೈದಂತೆ ಕೇಳಿಸಿರಬೇಕು.

೧೪ ಫೆಬ್ರವರಿ, ಶನಿವಾರ

ಕಥೆ ಹೇಳಲಿಲ್ಲ. ಗಂಟಲು ಸರಿಯಿಲ್ಲವೆಂದು ಅಕ್ಕನಿಂದ ಹೇಳಿಸಿದೆ.

೧೫ ಫೆಬ್ರವರಿ, ಭಾನುವಾರ

ಸೀತು ಕೆಮ್ಮುತ್ತಿದ್ದಾಳೆ. ಬಾವಿಯ ಮೂಲಕ ಕೇಳುತ್ತದೆ.

೧೭ ಫೆಬ್ರವರಿ, ಮಂಗಳವಾರ

ಶಾಂತವಾಗಿ ಯೋಚಿಸಬೇಕು. ರೋಗಾಣು ಬಿಸಿಲು ತಾಳುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಕಿಟಕಿಯಿಂದ ಓಣಿಗೆ ಇಳಿಯುವಾಗ ಪೆನ್ಸಿಲಿಗೆ ಅಷ್ಟಿಷ್ಟು ಬಿಸಿಲು ತಗಲಿಯೇ ಇರುತ್ತದೆ. ಪಾತು ಆರೋಗ್ಯವಾಗಿಯೇ ಇದ್ದಾಳೆ. ಅದೇ ಪೆನ್ಸಿಲನ್ನು ಅವಳೂ ಚೀಪಿದ್ದಾಳಲ್ಲವೇ? ಹತ್ತು ದಿನಗಳಲ್ಲಿ ಈ ರೋಗ ಕಾಣಿಸಿಕೊಳ್ಳುವುದೂ ಇಲ್ಲವೆಂದು ಎಲ್ಲೋ ಓದಿದ ನೆನಪು. ಹೀಗಿರುವಾಗ ಒಂದು ಸಾಧಾರಣ ಕೆಮ್ಮಿಗಾಗಿ ಎರಡು ಮನೆಗಳಲ್ಲಿ ಭಯ ಹುಟ್ಟಿಸುವುದು ವಿವೇಕವೇ?

ಹೇಳಿದರೆ ಕಿಟಕಿ ಮುಚ್ಚುತ್ತದೆ. ಆ ವಾಕ್ಯವನ್ನು ಬರೆದ ಮೇಲೆ, ಮೇಲಿನವೆಲ್ಲ ಯಾಕೆ ಬರೆದೆನೆಂದು ನನಗೇ ತಿಳಿಯುತ್ತದೆ. ಆದರೂ ಅವು ಸುಳ್ಳಲ್ಲ.

೧೯ ಫೆಬ್ರವರಿ, ಗುರುವಾರ

ಶೀನಪ್ಪ ಗೌಡರು ಬಂದಿದ್ದರು. ಮಡಿಕೇರಿಯಿಂದ ಲಾರಿಯಲ್ಲಿ ಬಂದವರು, ಸ್ನಾನವನ್ನೂ ಮಾಡದೆ, ಮೆಟ್ಟಿಲಿನ ಕೆಳಗೆ ನಿಂತು ಕರೆದರು. ನಾನು ಮೇಲೆ ನಿಂತೆ. ಎತ್ತರದ ಆಳು, ತಲೆಗೆ ಕಟ್ಟಿದ ಮುಂಡಾಸಿನಲ್ಲಿ ದೂಳು.

“ನಿಮಗೆ ಕಿತ್ತಳೆ ತಂದೆ ಮಾಷ್ಟ್ರೇ. ಹುಡುಗಿ ಜ್ವರದಲ್ಲಿಯೂ ನಿಮ್ಮದೇ ಮಾತು. ಕಿಟ್ಟು, ಜಾನು, ಬಾವಿ. ನಮಗೆ ಓದು ತಲೆಗೆ ಹತ್ತಲಿಲ್ಲ. ಅವಳಿಗೆ ನೀವು ಸಿಕ್ಕಿದ್ದು ಒಂದು ಭಾಗ್ಯ.”

“ಕೆಮ್ಮು ಹೇಗೆ ಉಂಟು ಗೌಡ್ರೇ?”

“ಕೆಮ್ಮು ಬಿಡುದಿಲ್ಲ. ಡಾಕ್ಟ್ರು ಮದ್ದು ಕೊಟ್ಟಿದ್ದಾರೆ. ಮಕ್ಕಳಲ್ವಾ, ಹೋಗ್ತದೆ.”

ಹೇಳಬಹುದಾಗಿತ್ತು. ಹನ್ನೊಂದು ಮೆಟ್ಟಿಲುಗಳ ದೂರ. ಗೌಡರು ಕಿತ್ತಳೆಯ ಬುಟ್ಟಿಯನ್ನು ಮೆಟ್ಟಿಲಿನ ಮೇಲಿಟ್ಟು, ಎರಡು ಕೈ ಜೋಡಿಸಿ ಹೋದರು. ನಾನೂ ಕೈ ಜೋಡಿಸಿದೆ.

ಒಂದು ಹಣ್ಣು ತಿಂದೆ.

೨೦ ಫೆಬ್ರವರಿ, ಶುಕ್ರವಾರ

ಡಾಕ್ಟರು ಬಂದಿದ್ದರು. ಸೀತುವನ್ನು ನೋಡುತ್ತಿರುವವರೂ ಅವರೇ. ಚುಚ್ಚುಮದ್ದು ಕೊಟ್ಟು ಸೂಜಿ ತೊಳೆಯುತ್ತ ಕೇಳಿದರು:

“ಎದುರು ಮನೆಯ ಹುಡುಗಿ ನಿಮ್ಮ ಹತ್ತಿರ ಬಂದದ್ದುಂಟಾ?”

“ಇಲ್ಲ. ಓಣಿಯಲ್ಲೇ ನಿಲ್ಲುವುದು.”

“ನಿಮ್ಮ ವಸ್ತು ಯಾವುದಾದರೂ ಅವಳ ಕೈಗೆ ಹೋದದ್ದು?”

“ಕಾಗದ ಮಾತ್ರ. ಒಂದು ದಿನ ಬಿಸಿಲಿಗೆ ಹಾಕಿಯೇ ಕೊಟ್ಟದ್ದು.”

“ಹಾಗಾದ್ರೆ ಸರಿ. ಮಂಗಳೂರಿಗೆ ಕಳಿಸಿ ಎಕ್ಸ್‌ರೇ ತೆಗೆಸುವ ಅಂತ ಇದ್ದೆ. ಗಾಬರಿ ಮಾಡುದು ಬೇಡ. ಇನ್ನೊಂದು ತಿಂಗಳು ಈ ಮದ್ದಿನಲ್ಲೇ ನೋಡುವ.”

ಅವರು ಮೆಟ್ಟಿಲು ಇಳಿದು ಹೋದ ಸದ್ದನ್ನು ಕೊನೆಯ ಮೆಟ್ಟಿಲಿನವರೆಗೂ ಕೇಳಿದೆ.

ಈವರೆಗೆ ನಾನು ಸುಮ್ಮನಿದ್ದೆ. ಇಂದು ಸುಳ್ಳು ಹೇಳಿದೆ. ನನ್ನ ಸುಳ್ಳು ಆ ಮಗುವಿನ ಎದೆಯೊಳಗೆ ಒಂದು ತಿಂಗಳು ಇರುತ್ತದೆ.

೨೩ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಅಕ್ಕನನ್ನು ಕಳಿಸಿ ಡಾಕ್ಟರನ್ನು ಕರೆಸಿದೆ. ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, “ನೀವೊಬ್ಬರು ಮಾಷ್ಟ್ರು,” ಎಂದಷ್ಟೇ ಹೇಳಿದರು. ನಾಳೆಯೇ ಇಬ್ಬರೂ ಹುಡುಗಿಯರನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕೆಂದು ಎರಡು ಮನೆಗೂ ತಾವೇ ತಿಳಿಸುವುದಾಗಿ ಹೇಳಿದರು. ಗೌಡರಿಗೆ ನಾನೇ ಹೇಳುತ್ತೇನೆ ಎಂದೆ.

ಮಧ್ಯಾಹ್ನ ಗೌಡರು ಬಂದು ಮೊನ್ನೆ ನಿಂತಲ್ಲೇ ನಿಂತರು.

“ಗೌಡ್ರೇ, ನಾನು ಮಕ್ಕಳಿಗೆ ಒಂದು ಪೆನ್ಸಿಲು ಕೊಡುತ್ತಿದ್ದೆ.”

“ಹುಡುಗಿ ಕಳೆದು ಹಾಕಿದ್ಲಾ? ಅದಕ್ಕೆ ಕರೆದದ್ದಾ ಮಾರಾಯ್ರೆ. ಪುತ್ತೂರಿಂದ ನಾಲ್ಕು ತರ್ತೇನೆ.”

“ಕಳೆದುಹೋಗಲಿಲ್ಲ. ನಾನು ಅದನ್ನು ಬಾಯಿಗೆ ಹಾಕಿ ಬರೆಯುತ್ತಿದ್ದೆ. ಆಮೇಲೆ ಅವಳು ಬಾಯಿಗೆ ಹಾಕಿ ಬರೆಯುತ್ತಿದ್ದಳು.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹೊತ್ತಿನಲ್ಲಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೇರೆಲ್ಲಿ ನೋಡುವುದಕ್ಕೂ ನನಗೆ ಹಕ್ಕಿರಲಿಲ್ಲ.

“ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?”

“ಹತ್ತು ದಿನ.”

“ನಾನು ಮೊನ್ನೆ ಕಿತ್ತಳೆ ತಂದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ತಿಂದ್ರಾ?”

“ಒಂದು.”

ಗೌಡರು ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು. ಬಾಗಿಲಿನ ಹತ್ತಿರ ಹೋದವರು ತಿರುಗಿ ಬಂದು, ಮೆಟ್ಟಿಲಿನ ಮೇಲಿದ್ದ ಉಳಿದ ಹಣ್ಣುಗಳ ಬುಟ್ಟಿಯನ್ನು ಎತ್ತಿಕೊಂಡು ಹೋದರು.

ಸಂಜೆ ಚಿತ್ರದ ಸುರುಳಿಯನ್ನೂ ರಟ್ಟಿನ ಮಕ್ಕಳನ್ನೂ ಪೆನ್ಸಿಲನ್ನೂ ಬಚ್ಚಲಿನ ಒಲೆಗೆ ಹಾಕುವಂತೆ ಅಕ್ಕನಿಗೆ ಹೇಳಿದೆ. ಬಿಸಿಲಿಗೆ ಹಾಕಿದರೆ ಸಾಕಲ್ಲವೇ ಎಂದಳು. ಸಾಕಾಗುತ್ತಿತ್ತು. “ಇರಲಿ, ಹಾಕು,” ಎಂದೆ. ಕಿಟಕಿಯ ಬಾಗಿಲನ್ನು ನಾನೇ ಮುಚ್ಚಿದೆ.

೨೬ ಫೆಬ್ರವರಿ, ಗುರುವಾರ

ಹುಡುಗಿಯರು ಮಂಗಳೂರಿನಿಂದ ಬಂದಿದ್ದಾರೆ. ಎಕ್ಸ್‌ರೇ ನೋಡಿ ಹೇಳಲು ದೊಡ್ಡ ಡಾಕ್ಟರು ಊರಿನಲ್ಲಿಲ್ಲ. ಒಂದು ವಾರ ಬೇಕಂತೆ.

೨೮ ಫೆಬ್ರವರಿ, ಶನಿವಾರ

ಮುಚ್ಚಿದ ಕಿಟಕಿಯ ಹಲಗೆಯ ಸಂದಿನಿಂದ ಒಂದು ಗೆರೆ ಬೆಳಕು ಬೀಳುತ್ತದೆ. ಬೆಳಿಗ್ಗೆ ಮಂಚದ ಕಾಲಿನ ಹತ್ತಿರ ಇರುತ್ತದೆ, ಸಂಜೆ ಗೋಡೆಯ ಹತ್ತಿರ.

೧ ಮಾರ್ಚ್, ಭಾನುವಾರ

ಊಟ ಸೇರಲಿಲ್ಲ. ಅಕ್ಕ ಮೆಟ್ಟಿಲಿನ ನಡುವೆ ಕುಳಿತುಕೊಂಡು, ನಾನು ತಿನ್ನುವವರೆಗೆ ಏಳುವುದಿಲ್ಲ ಎಂದಳು. ಮೂರು ತುತ್ತು ತಿಂದೆ. “ಆರು,” ಎಂದಳು. ಬಾಲ್ಯದಲ್ಲಿಯೂ ಅವಳು ಹೀಗೆಯೇ ನನ್ನ ಎದುರು ಕುಳಿತುಕೊಳ್ಳುತ್ತಿದ್ದಳು. ಆರು ತಿಂದೆ.

೩ ಮಾರ್ಚ್, ಮಂಗಳವಾರ

ಮುಚ್ಚಿದ ಕಿಟಕಿಯಲ್ಲಿಯೂ ಕಿವಿ ಕೆಲಸ ಮಾಡುತ್ತದೆ. ಸಂಜೆ ಬಾವಿಯೊಳಗಿಂದ ಮಾತು ಕೇಳಿತು. ಸೀತುವನ್ನು ಹೊರಗೆ ಕೂರಿಸುತ್ತಿದ್ದಾರೆಂದು ತೋರುತ್ತದೆ. ಆಚೆಯಿಂದ ಪಾತು ಕಥೆ ಹೇಳುತ್ತಿದ್ದಳು.

“ಮತ್ತೆ ಕಿಟ್ಟು ಹಡಗು ಹತ್ತಿದ.”

“ಬಾವಿಕಟ್ಟೆ ಎಲ್ಲಿ? ಮೊದಲು ಬಾವಿಕಟ್ಟೆ ಬರ್ಬೇಕು.”

“ದಿನಾ ಬಾವಿಕಟ್ಟೆಯಾ? ಅವನಿಗೆ ಬೇಜಾರು ಬಂತು. ಹಡಗು ಹತ್ತಿದ. ಅವನಿಗೆ ಮೀಸೆ ಬಂತು.”

“ಜಾನು?”

“ಜಾನುವಿಗೆ ಜ್ವರ. ಅವಳು ಬರ್ಲಿಲ್ಲ.”

ಸೀತು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಸೀತು ಕೇಳಿದಳು: “ಸಾಯಂಕಾಲಕ್ಕೆ ವಾಪಸು ಬಂದ್ನಾ?”

“ಹಡಗು ಒಂದೇ ದಿವಸದಲ್ಲಿ ಬರ್ತದಾ ಮಾರಾಯ್ತಿ? ಉಳಿದದ್ದು ನಾಳೆ.”

ಆರಂಭವಿಲ್ಲ, ಮುಕ್ತಾಯವಿಲ್ಲ, ಹಡಗು ಎಲ್ಲಿಂದ ಬಂತೆಂಬ ವಿವರಣೆಯಿಲ್ಲ. ತರಗತಿಯಲ್ಲಾಗಿದ್ದರೆ ಮೂರು ಕಡೆ ಕೆಂಪು ಗೆರೆ ಎಳೆಯುತ್ತಿದ್ದೆ. ನಾಳೆ ಸಂಜೆ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಳ್ಳಬೇಕು.

೪ ಮಾರ್ಚ್, ಬುಧವಾರ

ಹಡಗು ಇನ್ನೂ ಬಂದಿಲ್ಲ.

೬ ಮಾರ್ಚ್, ಶುಕ್ರವಾರ

ಗೌಡರು ಬಂದರು. ಈ ಬಾರಿ ಕರೆಯಲಿಲ್ಲ. ಅವರು ನಿಂತಿದ್ದಾರೆಂದು ಅಕ್ಕ ಬಂದು ಹೇಳಿದಳು. ಮೆಟ್ಟಿಲಿನ ತುದಿಗೆ ಹೋಗಿ ನಿಂತೆ.

“ಪಾತುವಿಗೆ ಎಂತದೂ ಇಲ್ಲ,” ಎಂದರು. ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು, “ನಮ್ಮವಳಿಗೆ ಉಂಟು,” ಎಂದರು.

ಎದೆಯೊಳಗೆ, ಎಡಗಡೆ, ಒಂದು ಗಂಟು. ಸಣ್ಣದು. ಮೊದಲೇ ಕಂಡದ್ದರಿಂದ ಮಾತ್ರೆಯಲ್ಲಿ ಗುಣವಾಗುತ್ತದೆ. ಒಂದು ವರ್ಷ ತಪ್ಪದೆ ನುಂಗಬೇಕು. ಮಕ್ಕಳದ್ದು ಇನ್ನೊಬ್ಬರಿಗೆ ಹರಡುವುದಿಲ್ಲವಂತೆ. ಜ್ವರ ಬಿಟ್ಟ ಮೇಲೆ ಶಾಲೆಗೂ ಹೋಗಬಹುದು, ಪಾತುವಿನೊಂದಿಗೂ ಇರಬಹುದು. ಇದೆಲ್ಲವನ್ನೂ ಗೌಡರು ಕಲಿತು ಬಂದ ಪಾಠದಂತೆ ಒಪ್ಪಿಸಿದರು.

“ನನ್ನಿಂದಲೇ,” ಎಂದೆ.

“ದೊಡ್ಡ ಡಾಕ್ಟ್ರಲ್ಲಿ ಕೇಳಿದೆ. ಗಂಟು ಆಗ್ಲಿಕ್ಕೆ ಎರಡು ತಿಂಗಳಾದ್ರೂ ಬೇಕಂತೆ. ನಿಮ್ಮದೇ ಅಂತ ಹೇಳ್ಲಿಕ್ಕಾಗುದಿಲ್ಲವಂತೆ. ಹೋಟ್ಲಿಂದ ಆಗಬಹುದು, ಬಸ್ಸಿಂದ ಆಗಬಹುದು. ನಾನೇ ಲಾರಿಯಲ್ಲಿ ಎಲ್ಲಿಂದಲೋ ಹೊತ್ತು ತಂದಿರಲೂಬಹುದು. ಯಾರಿಗೂ ಗೊತ್ತಾಗುದಿಲ್ಲ.”

ಗೌಡರು ತಲೆಯೆತ್ತಿ ನನ್ನನ್ನೇ ನೋಡಿದರು.

“ನೀವು ಹೇಳದಿದ್ರೆ ಎಕ್ಸ್‌ರೇ ತೆಗಿತಿರ್ಲಿಲ್ಲ. ಮೊದಲೇ ಹೇಳಿದ್ರೆ ಹತ್ತು ದಿನ ಮೊದಲು ತೆಗಿತಿದ್ರು. ಎರಡೂ ಉಂಟು ಮಾಷ್ಟ್ರೇ. ನಾನು ಎರಡನ್ನೂ ಮರೆಯುದಿಲ್ಲ.”

ಇಷ್ಟು ನ್ಯಾಯವಾಗಿ ಯಾರೂ ನನ್ನನ್ನು ತೂಗಿರಲಿಲ್ಲ.

೮ ಮಾರ್ಚ್, ಭಾನುವಾರ

ಘಟ್ಟದ ಮೇಲಿನ ಆಸ್ಪತ್ರೆಗೆ ಕಾಗದ ಬರೆದೆ. ಹಾಸಿಗೆ ಯಾವಾಗ ಖಾಲಿಯಾದರೂ ಬರುತ್ತೇನೆ ಎಂದು. ನಾಲ್ಕು ಸಾಲು. ಅಕ್ಕ ಅತ್ತಳು, ಆಮೇಲೆ ನನ್ನ ಪಂಚೆಗಳನ್ನು ಲೆಕ್ಕ ಮಾಡಲು ಹೊರಟಳು.

೧೪ ಮಾರ್ಚ್, ಶನಿವಾರ

ಉತ್ತರ ಬಂದಿದೆ. ಮಂಗಳವಾರದೊಳಗೆ ಸೇರಬೇಕು. ಬಸ್ಸಿನಲ್ಲಿ ಹೋಗುವುದು ಸರಿಯಲ್ಲ, ಬಾಡಿಗೆ ಕಾರಿನವರು ಕಾರಣ ಕೇಳಿದ ಮೇಲೆ ಒಪ್ಪಲಿಲ್ಲ. ಅಕ್ಕ ಬಾವಿಕಟ್ಟೆಯಲ್ಲಿ ಈ ಮಾತು ಆಡಿದ್ದಿರಬೇಕು. ಸಂಜೆ ಗೌಡರ ಹೆಂಡತಿ ಬಂದು, “ಮಂಗಳವಾರ ಇವರ ಲಾರಿ ಹಂಚು ತುಂಬಿಸಿ ಮಡಿಕೇರಿಗೆ ಹೋಗುದುಂಟು. ಆರು ಗಂಟೆಗೆ ತಯಾರಾಗಿರ್ಲಿ ಅಂತ ಹೇಳಿದ್ದಾರೆ,” ಎಂದು ತಿಳಿಸಿ ಹೋದರಂತೆ.

೧೭ ಮಾರ್ಚ್, ಮಂಗಳವಾರ

ಹೊಸ ಹಾಸಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಉದ್ದನೆಯ ಕೋಣೆ, ಎಣಿಸಿ ನೋಡಿದರೆ ಹದಿನಾರು ಮಂಚಗಳು. ಕೆಮ್ಮಿನ ಸದ್ದು ನಾನು ಊಹಿಸಿದ್ದಷ್ಟೇ ಇದೆ.

ಬೆಳಿಗ್ಗೆ ಲಾರಿ ಓಣಿಯ ಬಾಯಿಗೆ ಬಂತು. ಗೌಡರು ಮುಂದಿನ ಬಾಗಿಲು ತೆರೆದು ಹಿಡಿದರು. ನಾನು ಹಿಂದೆ ಹಂಚಿನ ಮೇಲೆ ಗೋಣಿ ಹಾಸಿಕೊಂಡು ಕುಳಿತುಕೊಳ್ಳುವುದಾಗಿ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಪೆಟ್ಟಿಗೆ ಏರಿಸಿದರು, ನನ್ನ ಕೈ ಹಿಡಿಯದೆ ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ಎದುರು ಮನೆಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಹುಡುಗಿಯರನ್ನು ಎಬ್ಬಿಸಬೇಡಿ ಎಂದು ನಾನೇ ಹಿಂದಿನ ದಿನ ಹೇಳಿ ಕಳಿಸಿದ್ದೆ.

ಕಲ್ಲುಗುಂಡಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ನನ್ನ ಲೋಟವನ್ನು ಕೇಳಿ ಪಡೆದುಕೊಂಡು ಹೋಗಿ, ತುಂಬಿಸಿ ತಂದು, ಹಂಚಿನ ಮೇಲೆ ಇಟ್ಟರು. ಆಮೇಲೆ ಲಾರಿಯ ಚಕ್ರಕ್ಕೆ ಒರಗಿ ಬೀಡಿ ಹಚ್ಚಿದವರು, ನನ್ನ ಕಡೆ ನೋಡಿ ಅದನ್ನು ಆರಿಸಿದರು.

“ಕೋಪ ಹೋಯ್ತು ಅಂತ ತಿಳ್ಕೊಳ್ಬೇಡಿ.”

“ತಿಳ್ಕೊಳ್ಳುವುದಿಲ್ಲ.”

“ಒಂದು ಉಪದ್ರ ಆಗಿದೆ. ಮಾತ್ರೆ ಕಹಿ. ನುಂಗ್ಬೇಕಾದ್ರೆ ಕಥೆ ಹೇಳ್ಬೇಕಂತೆ. ಪಾತುವಿನದ್ದು ಸಾಯಂಕಾಲ, ಮಾತ್ರೆ ಬೆಳಿಗ್ಗೆ. ಅಮ್ಮ ಹೇಳಿದ್ರೆ ಆಗುದಿಲ್ಲ, ನಾನೇ ಹೇಳ್ಬೇಕು. ನನಗೆ ಎಂತ ಗೊತ್ತುಂಟು ಮಾಷ್ಟ್ರೇ? ನನಗೆ ಗೊತ್ತಿರುದು ಈ ರಸ್ತೆ ಮಾತ್ರ.”

“ರಸ್ತೆಯನ್ನೇ ಹೇಳಿ.”

“ರಸ್ತೆಯಲ್ಲಿ ಎಂತ ಕಥೆ?”

“ಎರಡು ಮಕ್ಕಳನ್ನು ಲಾರಿಗೆ ಹತ್ತಿಸಿಕೊಳ್ಳಿ. ಮುಂದಿನದ್ದು ಅವರೇ ನೋಡ್ಕೊಳ್ತಾರೆ.”

ಗೌಡರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಲಾರಿ ಹೊರಟಿತು. ಚಾಲಕನ ಬೆನ್ನ ಹಿಂದೆ ಅಂಗೈಯಗಲದ ಒಂದು ಕಿಂಡಿಯಿದೆ. ಸಂಪಾಜೆ ದಾಟಿ ಘಟ್ಟ ಏರತೊಡಗಿದಾಗ, ಅದರೊಳಗಿಂದ, ಎಂಜಿನ್ನಿನ ಗದ್ದಲದ ಮೇಲೆ, ಗೌಡರ ಒರಟು ಸ್ವರ ಕೇಳಿತು.

“ಹೀಗೆ ಹೇಳಿದ್ರೆ ಆಗ್ತದಾ ನೋಡಿ. ಒಂದು ಲಾರಿ ಇತ್ತು. ಅದಕ್ಕೆ ಬ್ರೇಕು ಸ್ವಲ್ಪ ಕಡಿಮೆ.”

“ಆಗ್ತದೆ.”

“ಅದರಲ್ಲಿ ಎರಡು ಹುಡುಗಿಯರು. ಒಬ್ಬಳು ದಾರಿ ನೋಡುದು, ಇನ್ನೊಬ್ಬಳು ಬರೀ ಜಗಳ ಮಾಡುದು. ಮೂರನೇ ತಿರುವಿಗೆ ಬಂದಾಗ ರಸ್ತೆಗೆ ಅಡ್ಡ ಒಂದು ಆನೆ.”

ಮುಂದಿನ ತಿರುವಿನಲ್ಲಿ ಮೇಲಿನಿಂದ ಬಸ್ಸು ಇಳಿದು ಬಂತು. ಗೌಡರು ಮಾತು ನಿಲ್ಲಿಸಿ, ಲಾರಿಯನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತೆಗೆದು, ಅಂಚಿನಲ್ಲಿ ನಿಲ್ಲಿಸಿದರು. ಬಸ್ಸು ನಮ್ಮನ್ನು ಉಜ್ಜಿಕೊಂಡಂತೆ ದಾಟಿ ಹೋಯಿತು. ಲಾರಿ ಮತ್ತೆ ಹೊರಟಿತು. ಗೌಡರು ಕಥೆಯನ್ನು ಮರೆತಂತಿತ್ತು. ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು, ಕಿಂಡಿಯಿಂದ ಮಾತಿಲ್ಲ.

ನಾನು ಕಿಂಡಿಯ ಹತ್ತಿರ ಹೋಗಲಿಲ್ಲ. ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಅಡ್ಡ ಹಿಡಿದು, ಕುಳಿತಲ್ಲಿಂದಲೇ, ಎದೆಯಲ್ಲಿ ಇದ್ದಷ್ಟು ಉಸಿರನ್ನು ಸೇರಿಸಿ ಕೇಳಿದೆ:

“ಆನೆ ಎಂತ ಮಾಡಿತು ಗೌಡ್ರೇ?”